ಬಣ್ಣದ ಬದುಕಿನ ಗೆಳೆಯರೊಡನೆ ಒಂದು ಸಂಜೆ

ರಾಯಚೂರು ತಾಲೂಕಿನ ಯಾಪಲದಿನ್ನಿಯಲ್ಲಿ ನಮ್ಮ ಬಾಲ್ಯದ ಗೆಳೆಯರೊಬ್ಬರಿದ್ದಾರೆ. ಒಂದೇ ಶಾಲೆಯಲ್ಲಿ ಅಕ್ಷರ ಕಲಿತವರು ನಾವು. ಹದಿನೆಂಟರ ಹರೆಯದಲ್ಲಿ ಅವರು ನಾಟಕ ಕಂಪನಿ ಸೇರಿದರು. ನಾವು ನೌಕರಿಯ ಬೆನ್ನು ಹತ್ತಿದೆವು. ಬಹುಕಾಲದ ಮೇಲೆ ಈಚೆಗೆ ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಮಾತನಾಡುವ ಸುಯೋಗ ಒದಗಿತು.

"ಏನಪಾ, ಗುರ್ತು ಸಿಕ್ಕಿತೇನು?" ಎಂದು ನಕ್ಕರು. ತಲೆ ನರೆತಿದೆ; ಕಂಠ ಮಾತ್ರ ಅಂದಿನಂತೆಯೇ ತುಂಬಿದೆ. ಬಾದಾಮಿ ತಾಲೂಕಿನ ಬನಶಂಕರಿ ಜಾತ್ರೆಯಲ್ಲಿ ಸಾಲುಸಾಲಾಗಿ ನಿಲ್ಲುವ ನಾಟಕದ ಥೇಟರುಗಳು, ರಾತ್ರಿಯಿಡೀ ಪ್ರಯೋಗ, ಮುಂಜಾನೆ ಬಣ್ಣ ತೊಳೆದು ಮಲಗುವ ಜೀವನ, ಮಳೆ ಬಂದ ದಿನದ ಅರೆಹೊಟ್ಟೆ ಎಲ್ಲವನ್ನೂ ಬೇಸರವಿಲ್ಲದೆ ಹೇಳಿದರು.

ನಮ್ಮ ಸಮಾಜಕ್ಕೂ ರಂಗಭೂಮಿಗೂ ಇರುವ ನಂಟು ಹಳೆಯದು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಚನ್ನಬಸವೇಶ್ವರರ ಹೆಸರು ಹೊತ್ತಿತ್ತು. ಗದುಗಿನ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳ ಅನ್ನ-ವಿದ್ಯೆಗಾಗಿ ನಾಟಕ ಕಂಪನಿ ನಡೆಸಿದರು. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಜನಿಸಿ 2017ರಲ್ಲಿ ಲಿಂಗೈಕ್ಯರಾದ ನಾಡೋಜ ಏಣಗಿ ಬಾಳಪ್ಪನವರು ಬಸವಣ್ಣನ ಪಾತ್ರದಿಂದಲೇ ಮನೆಮಾತಾದರು.

ನಮ್ಮ ಗೆಳೆಯರೂ ಬಸವಣ್ಣನ ಪಾತ್ರ ಮಾಡಿದವರೇ. "ನಾಟಕ ಮುಗಿದ ಮ್ಯಾಲ ತಾಯಂದಿರು ಕಾಯಿ ಹಿಡಕೊಂಡು ಬಂದು ಪಾದಕ್ಕ ಬೀಳ್ತಿದ್ರು. ನಾನು ಬರೀ ಬಣ್ಣದಾವ, ಬ್ಯಾಡ್ರೆವ್ವಾ ಅಂದ್ರೂ ಕೇಳ್ತಿರಲಿಲ್ಲ" ಎಂದರು. ತುಸು ತಡೆದು, "ಆದ್ರ ನಮ್ಮ ತಂಗಿಗೆ ವರ ಕೇಳಾಕ ಹೋದಾಗ, ಬಣ್ಣ ಹಚ್ಚೋರ ಮನಿ ಸಂಬಂಧ ಬ್ಯಾಡ ಅಂದ್ರು" ಎಂದರು.

ಹಾಗೆಂದವರ ಹೆಸರು ಅವರು ಹೇಳಲಿಲ್ಲ. ಹೇಳಬೇಕಾದವರು ನಾವೇ. ಆ ಮಾತನ್ನಾಡಿದವರು ನಮ್ಮ ಮನೆಯ ಹಿರಿಯರು. ಅಂದು ಅದೇ ಪಡಸಾಲೆಯಲ್ಲಿ ಕುಳಿತಿದ್ದ ನಾವು ತುಟಿ ಬಿಚ್ಚಲಿಲ್ಲ. ಆ ತಂಗಿಯ ಮದುವೆ ನಾಲ್ಕು ವರ್ಷ ತಡವಾಯಿತು. ತಪ್ಪಾಯಿತೆಂದು ಆ ಸಂಜೆ ನಾವು ಕೈ ಹಿಡಿದಾಗ ಗೆಳೆಯರೆಂದರು: "ನೀನು ಅಲ್ಲೇ ಕುಂತಿದ್ದಿ ಅಂತ ನನಗ ಅವತ್ತೇ ಗೊತ್ತದಪಾ. ಚಾ ಆರತದ, ಕುಡಿ."

ಹನ್ನೆರಡನೆಯ ಶತಮಾನದ ಶರಣರಲ್ಲಿ ಬಹುರೂಪಿ ಚೌಡಯ್ಯನವರೂ ಒಬ್ಬರು. ವೇಷ ಕಟ್ಟಿ ಆಡುವುದೇ ಅವರ ಕಾಯಕವಾಗಿತ್ತು. ಅವರ ವಚನಗಳನ್ನು ನಾವು ಭಕ್ತಿಯಿಂದ ಓದುತ್ತೇವೆ. ಅದೇ ಕಾಯಕದವರು ಬಾಗಿಲಿಗೆ ಸಂಬಂಧ ಬೆಳೆಸಲು ಬಂದರೆ ಹಿಂಜರಿಯುತ್ತೇವೆ. ವೇದಿಕೆಯ ಮೇಲಿನ ಬಸವಣ್ಣನಿಗೆ ಕೈ ಮುಗಿದು, ಬಸವಣ್ಣ ಹೇಳಿದ ಸಮಾನತೆಯನ್ನು ಹೊಸ್ತಿಲಾಚೆ ನಿಲ್ಲಿಸಿದಂತಾಯಿತಲ್ಲವೆ?

ಓದುಗ ಬಂಧುಗಳೇ, ನಿಮ್ಮೂರ ಜಾತ್ರೆಗೆ ನಾಟಕ ಬಂದಾಗ ಮನೆಮಂದಿಯೊಡನೆ ಹೋಗಿ ನೋಡಿರಿ. ಪರದೆ ಬಿದ್ದ ಮೇಲೆ ಆ ಕಲಾವಿದರನ್ನು ಮನೆಗೆ ಕರೆದು, ಪಂಕ್ತಿಯಲ್ಲಿ ಜೊತೆಗೆ ಕೂರಿಸಿಕೊಂಡು ಉಣ್ಣಿರಿ. ನಮ್ಮಿಂದ ಅಂದು ಆಗದ್ದು ನಿಮ್ಮಿಂದ ಆಗಲಿ.