ಬಿಡದ ಕ್ಲಚ್ಚು, ಹಿಡಿಯದ ಕ್ಲಚ್ಚು

ತಿಕೋಟಾದ ದ್ರಾಕ್ಷಿ ಬೆಳೆಗಾರರೊಬ್ಬರ ಪ್ರಶ್ನೆ: “ಮುಂಜಾನೆ ಕಾರ್ ಚಾಲೂ ಮಾಡಿ ಕ್ಲಚ್ ಒತ್ತಿದರ ಪೆಡಲ್ ತಳಕ್ಕ ಹೋಗಿ ಕೂಡತೈತ್ರಿ. ರಿವರ್ಸ್ ಹಾಕಾಕ ಹೋದ್ರ ಕರ್ರ್ ಅಂತೈತಿ. ನಾಕೈದು ಸಲ ಪಟಪಟ ಒತ್ತಿದ ಮ್ಯಾಲ ಗೇರ್ ಬೀಳತೈತಿ. ವಿಜಯಪುರದಾಗ ತೋರಿಸಿದ್ರ ಪ್ಲೇಟ್ ಹೋಗ್ಯಾವ, ಗೇರ್‌ಬಾಕ್ಸ್ ಇಳಸಬೇಕು ಅಂದ್ರು. ಮನ್ಯಾಗ ಹಿರ್ಯಾರು, ಅಮಾಸಿ ದಿನ ಗಾಡಿ ತಗದದ್ದಕ್ಕ ಹಿಂಗಾಗೇತಿ ಅಂತಾರ. ಯಾವುದು ಖರೆ?”

ಎರಡೂ ಖರೆ ಇದ್ದಂತಿಲ್ಲ. ಅಮಾವಾಸ್ಯೆಗೆ ಕ್ಲಚ್ ಕೆಡಿಸುವ ಶಕ್ತಿ ಇದ್ದಿದ್ದರೆ ಸರ್ಕಾರಿ ಬಸ್ಸುಗಳು ತಿಂಗಳಿಗೊಂದು ದಿನ ಡಿಪೊ ಬಿಟ್ಟು ಹೊರಡುತ್ತಲೇ ಇರಲಿಲ್ಲ. ಇನ್ನು ಪ್ಲೇಟಿನ ಮಾತು.

ಕ್ಲಚ್ಚಿಗೆ ಎರಡೇ ಕೆಲಸ: ಪೆಡಲ್ ಬಿಟ್ಟಾಗ ಎಂಜಿನ್ನನ್ನು ಹಿಡಿಯಬೇಕು, ಒತ್ತಿದಾಗ ಬಿಡಬೇಕು. ಪ್ಲೇಟ್ ಸವೆದರೆ ಅದು ಹಿಡಿಯುವುದಿಲ್ಲ. ಬಬಲೇಶ್ವರದ ಹಾದಿಯಲ್ಲಿ ಏರು ಸಿಕ್ಕಾಗ ಎಕ್ಸಲರೇಟರ್ ತುಳಿದರೆ ಎಂಜಿನ್ ಅರಚುತ್ತದೆ, ಗಾಡಿ ಮಾತ್ರ ಮುಂದೆ ಹೋಗಲೊಲ್ಲದು; ಜೊತೆಗೆ ಸುಟ್ಟ ವಾಸನೆ. ಪೆಡಲಿನ ಒತ್ತನ್ನು ಎಣ್ಣೆಯ ಮೂಲಕ ಕ್ಲಚ್ಚಿಗೆ ಮುಟ್ಟಿಸುವ ಹೈಡ್ರಾಲಿಕ್ ಕೆಟ್ಟರೆ ಅದು ಬಿಡುವುದಿಲ್ಲ. ಎಂಜಿನ್ ಬಂದ್ ಇದ್ದಾಗ ಗೇರ್ ಸಲೀಸಾಗಿ ಬೀಳುತ್ತದೆ, ಚಾಲೂ ಮಾಡಿದೊಡನೆ ಕರ್ರೆನ್ನುತ್ತದೆ. ಒಂದಕ್ಕೊಂದು ಉಲ್ಟಾ ಇರುವ ಈ ರೋಗಗಳಿಗೆ ನಮ್ಮಲ್ಲಿ ಒಂದೇ ಮದ್ದು: ಗೇರ್‌ಬಾಕ್ಸ್ ಇಳಿಸು!

“ಪಟಪಟ ಒತ್ತಿದ ಮ್ಯಾಲ” ಎಂಬ ಮಾತಿನಲ್ಲೇ ಉತ್ತರವಿದೆ. ಸವೆದ ಪ್ಲೇಟು ಪೆಡಲ್ ಎಷ್ಟು ಸಲ ಒತ್ತಿದರೂ ಸರಿಹೋಗದು. ಎಣ್ಣೆಯ ಸಾಲಿನಲ್ಲಿ ಗಾಳಿ ಸೇರಿದ್ದರೆ ಸಾಮಾನ್ಯವಾಗಿ ಹೀಗಾಗುತ್ತದೆ: ಪೆಡಲ್ ಮೇಲೆ ಬಂದಾಗಲೆಲ್ಲ ಅದಕ್ಕೆ ಜೋಡಿಸಿದ ಮಾಸ್ಟರ್ ಸಿಲಿಂಡರ್ ಎಣ್ಣೆಯ ಡಬ್ಬಿಯಿಂದ ಇನ್ನಷ್ಟು ಎಣ್ಣೆ ಎಳೆದುಕೊಂಡು ಆ ಗಾಳಿಯನ್ನು ಹಿಂಡಿ ಇಡುತ್ತದೆ.

ಎಷ್ಟು ಗಾಳಿ ಸಾಕು ಗೊತ್ತೇ? ಮಾಸ್ಟರ್ ಸಿಲಿಂಡರಿನ ಒಳವ್ಯಾಸ 15.87 ಮಿ.ಮೀ., ಪಿಸ್ಟನ್ ಸರಿಯುವುದು 30 ಮಿ.ಮೀ. ಎಂದು ಲೆಕ್ಕ ಹಿಡಿಯಿರಿ. ಒಂದು ಸಲ ಒತ್ತಿದರೆ ಮುಂದಕ್ಕೆ ಹೋಗುವ ಎಣ್ಣೆ ಸುಮಾರು 6 ಮಿ.ಲೀ., ಒಂದು ಚಹಾ ಚಮಚೆಗಿಂತ ತುಸು ಜಾಸ್ತಿ. ಅಷ್ಟೇ! ಒತ್ತಡ ಇಪ್ಪತ್ತು ಪಟ್ಟಾದಾಗ 1 ಮಿ.ಲೀ. ಗಾಳಿ ಇಪ್ಪತ್ತನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಅಂದರೆ ನಿಮ್ಮ ಕಾಲಿನ ದುಡಿಮೆಯಲ್ಲಿ ಹೆಚ್ಚುಕಡಿಮೆ ಆರನೇ ಒಂದು ಪಾಲು ಗಾಳಿಯನ್ನು ಹಿಂಡುವುದಕ್ಕೇ ಖರ್ಚು. ಅತ್ತ ಪ್ಲೇಟನ್ನು ಬಿಡಿಸಲು, ಅದನ್ನು ಒತ್ತಿ ಹಿಡಿದಿರುವ ಪ್ರೆಷರ್ ಪ್ಲೇಟ್ ಸರಿಯಬೇಕಾದದ್ದು ಒಂದೂವರೆ, ಎರಡು ಮಿ.ಮೀ. ಮಾತ್ರ. ಅಷ್ಟು ಸಣ್ಣ ಅಂತರದಲ್ಲಿ ಆರನೇ ಒಂದು ಪಾಲು ಹೋದರೆ ಕ್ಲಚ್ ಅರ್ಧ ಬಿಟ್ಟು ಅರ್ಧ ಹಿಡಿದು ನಿಲ್ಲುತ್ತದೆ.

ಕೊಳವೆಯ ಕಾಟವನ್ನು ವಿಜಯಪುರಕ್ಕೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಇಲ್ಲಿನ ಸುಲ್ತಾನ ಮುಹಮ್ಮದ್ ಆದಿಲ್ ಶಾಹ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬ್ ಕೆರೆಯಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಬರುತ್ತಿತ್ತು. ನಡುನಡುವೆ ‘ಗಂಜ್’ ಎಂಬ ಕಲ್ಲಿನ ಗೋಪುರಗಳು. ಅಲ್ಲಿ ಒತ್ತಡ ತಗ್ಗುತ್ತಿತ್ತು, ಹೂಳು ತಳ ಸೇರುತ್ತಿತ್ತು, ಕೊಳವೆಯ ಗಾಳಿಗೂ ಹೊರದಾರಿ ಸಿಗುತ್ತಿತ್ತು. ನಿಮ್ಮ ಕಾರಿನಲ್ಲಿ ಗಾಳಿಗಿರುವ ಹೊರದಾರಿ, ಕೆಳಗೆ ಕ್ಲಚ್ಚನ್ನು ತಳ್ಳುವ ಸ್ಲೇವ್ ಸಿಲಿಂಡರಿನ ಪುಟ್ಟ ನಿಪ್ಪಲ್. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ಅದನ್ನು ಸಡಿಲಿಸಿ, ಪೆಡಲ್ ಮೇಲೆ ಬರುವ ಮೊದಲೇ ಬಿಗಿಯಬೇಕು. ಗುಳ್ಳೆ ಬರುವುದು ನಿಲ್ಲುವವರೆಗೂ ಇದೇ ಕೆಲಸ.

ಆದರೆ ಏರ್ ತೆಗೆದು ಸುಮ್ಮನಾಗಬೇಡಿ. ಗಾಳಿ ಒಳಗೆ ಹೋದ ಕಡೆ ಸಾಮಾನ್ಯವಾಗಿ ಎಣ್ಣೆಯೂ ಹೊರಗೆ ಬಂದಿರುತ್ತದೆ. ಪೆಡಲ್ ಮೇಲ್ಗಡೆ, ಡ್ಯಾಶ್‌ಬೋರ್ಡಿನ ಅಡಿ ಬೆರಳಾಡಿಸಿ. ಜಿಡ್ಡು ತಾಗಿದರೆ ಮಾಸ್ಟರ್ ಸಿಲಿಂಡರ್. ಸ್ಲೇವ್ ಸಿಲಿಂಡರಿನ ರಬ್ಬರ್ ಟೊಪ್ಪಿಗೆಯ ಅಂಚು ಎತ್ತಿದಾಗ ಕಂದು ನೀರು ಸುರಿದರೆ ತಪ್ಪು ಅಲ್ಲಿನದು. ಎಲ್ಲೂ ಸೋರಿಕೆ ಇಲ್ಲ, ಆದರೂ ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ಇಳಿದು ಗಾಡಿ ತೆವಳಲು ಶುರುಮಾಡಿದರೆ ಮಾಸ್ಟರಿನ ಒಳಗಿನ ವಾಶರ್ ದಾಟಿ ಎಣ್ಣೆ ಡಬ್ಬಿಗೇ ವಾಪಸಾಗುತ್ತಿದೆ. ಕೆಲವು ಹೊಸ ಕಾರುಗಳಲ್ಲಿ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸಿನ ಬಾಯೊಳಗೇ ಕೂತಿರುತ್ತದೆ. ಅದು ಸೋರಿದರೆ ಮಾತ್ರ ಗೇರ್‌ಬಾಕ್ಸ್ ಇಳಿಸದೆ ಗತ್ಯಂತರವಿಲ್ಲ. ಹೇಗೂ ಇಳಿಸಿದಾಗ ಪ್ಲೇಟನ್ನೂ ನೋಡಿಬಿಡಿ.

ಇನ್ನೊಂದು ಚಟಕ್ಕೆ ಬೈಯಲೇಬೇಕು. ಡಬ್ಬಿ ಖಾಲಿಯಾದಾಗ ಕೈಗೆ ಸಿಕ್ಕ ಎಂಜಿನ್ ಆಯಿಲ್ ಸುರಿಯುವುದು. ಕ್ಲಚ್ಚಿನಲ್ಲೂ ಇರುವುದು ಬ್ರೇಕ್ ಆಯಿಲೇ; ಅದಕ್ಕೆಂದೇ ಮಾಡಿದ ರಬ್ಬರ್ ವಾಶರುಗಳು ಆ ಆಯಿಲ್ ಕುಡಿದು ಉಬ್ಬಿ, ಸಿಲಿಂಡರಿನಲ್ಲಿ ಸಿಕ್ಕಿಕೊಳ್ಳುತ್ತವೆ. ಡಾಟ್ 3 ಅಥವಾ ಡಾಟ್ 4, ಮುಚ್ಚಳದ ಮೇಲೆ ಬರೆದದ್ದನ್ನೇ ಹಾಕಿ. ಅದೂ ಗಾಳಿಯ ತೇವ ಹೀರುವ ಜಾತಿಯದು: ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಅದೇ ಎಣ್ಣೆಗೆ ನೂರಕ್ಕೆ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆ ನೀರೇ ಸಿಲಿಂಡರಿಗೆ ತುಕ್ಕು ಹಿಡಿಸಿ ವಾಶರನ್ನು ಕೊರೆಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಕೊನೆಗೆ, ಬಹಳ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಎಂಜಿನಿಯರುಗಳು ಕ್ಲಚ್ಚಿನ ನಳಿಗೆಯನ್ನು ಬೇಕೆಂದೇ ಮೇಲ್ಗಡೆ ಇಟ್ಟಿದ್ದಾರೆ; ಎಣ್ಣೆ ಇಳಿದಾಗ ಮೊದಲು ಸೋಲುವುದು ಕ್ಲಚ್ಚು, ಬ್ರೇಕಿನ ಪಾಲು ಕೆಳಗೆ ಉಳಿದಿರುತ್ತದೆ. ಆದ್ದರಿಂದ ಪೆಡಲ್ ತಳಕ್ಕೆ ಹೋದ ದಿನ ಮೊದಲು ಬಾನೆಟ್ ಎತ್ತಿ ಡಬ್ಬಿ ನೋಡಿ. ಮಟ್ಟ ಇಳಿದಿದ್ದರೆ ಸೋರುತ್ತಿರುವುದು ಕ್ಲಚ್ಚೋ ಬ್ರೇಕೋ ತಿಳಿಯುವವರೆಗೆ ಗಾಡಿ ಹೊರಗೆ ತೆಗೆಯಬೇಡಿ.