ಬಣ್ಣಕ್ಕೆ ಗೆರೆ ಎಳೆದವರು ಯಾರು?

ಮೊನ್ನೆ ಹೊಳಲ್ಕೆರೆಯಲ್ಲಿ ನನ್ನ ಅಕ್ಕನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ಮಾತೂ ಚೆನ್ನಾಗೇ ಆಯಿತು. ಎರಡು ದಿನ ಬಿಟ್ಟು ಮಧ್ಯಸ್ಥರ ಬಾಯಲ್ಲಿ ಹೇಳಿ ಕಳಿಸಿದ್ದು ಇಷ್ಟೆ: “ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ ಬಣ್ಣ ಸ್ವಲ್ಪ ಕಡಿಮೆ.”

ಬಿ.ಎಡ್. ಮಾಡಿದ ಹುಡುಗಿ. ಅಳಲಿಲ್ಲ. ಪಾತ್ರೆ ಒರೆಸುತ್ತಾ ನನ್ನನ್ನು ಕೇಳಿದಳು: “ಚಿಕ್ಕಮ್ಮ, ಹೊಸದುರ್ಗದ ಅಜ್ಜಿ ಮನೆಯಲ್ಲಿ ನನ್ನನ್ನ ಕೆಂಪು ಹುಡುಗಿ ಅಂತಾರೆ. ದುರ್ಗದ ಕಾಲೇಜಿನಲ್ಲಿ ಎಣ್ಣೆಗೆಂಪು ಅಂತಿದ್ರು. ಇವರು ಕಪ್ಪು ಅಂದ್ರು. ಬಸ್ಸಿನಲ್ಲಿ ಒಂದು ಗಂಟೆ ದಾರಿಗೆ ನನ್ನ ಬಣ್ಣ ಬದಲಾಗುತ್ತಾ?”

ನನಗೆ ಆಗ ಉತ್ತರ ತೋಚಲಿಲ್ಲ. ಮನೆಗೆ ಬಂದ ಮೇಲೆ ಯೋಚನೆ ಹತ್ತಿತು. ಬಣ್ಣ ಇರುವುದು ಹುಡುಗಿಯ ಮೈಯಲ್ಲಿ, ಸರಿ. ಆದರೆ ‘ಇಲ್ಲಿವರೆಗೆ ಬಿಳುಪು, ಇಲ್ಲಿಂದ ಕಪ್ಪು’ ಎಂಬ ಗೆರೆ ಇರುವುದು ನೋಡುವವರ ತಲೆಯಲ್ಲಿ ಅಲ್ಲವೆ?

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ವಸ್ತು. ಅದನ್ನು ತಯಾರಿಸುವ ಜೀವಕೋಶಗಳು ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಒಬ್ಬರಲ್ಲಿ ಹೆಚ್ಚು ತಯಾರಾಗುತ್ತದೆ, ಇನ್ನೊಬ್ಬರಲ್ಲಿ ಕಡಿಮೆ. ಸುಡುಬಿಸಿಲಿನಿಂದ ಮೈಯನ್ನು ಕಾಯಲು ದೇಹವೇ ಹಿಡಿದ ಕೊಡೆ ಅದು. ಹಿರಿಯೂರಿನ ಬಿಸಿಲಲ್ಲಿ ಈರುಳ್ಳಿ, ಶೇಂಗಾ ಕೀಳುವ ಹೆಂಗಸರಿಗೆ ಅದು ಎಷ್ಟು ಉಪಕಾರಿ ಎಂದು ಹೇಳಬೇಕಾಗಿಲ್ಲ.

ಆದರೂ ಜನ ಈ ಗೆರೆ ಎಳೆಯುತ್ತಲೇ ಬಂದಿದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ 1950ರಲ್ಲಿ ಒಂದು ಕಾಯಿದೆಯೇ ಬಂತು. ಪ್ರತಿಯೊಬ್ಬರನ್ನೂ ಒಂದೊಂದು ವರ್ಣದ ಪಟ್ಟಿಗೆ ಸೇರಿಸಬೇಕು. ಅನುಮಾನ ಬಂದರೆ ತಲೆಗೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರಂತೆ. ಜಾರಿ ಬಿದ್ದರೆ ಒಂದು ಜಾತಿ, ನಿಂತರೆ ಇನ್ನೊಂದು! ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಪಟ್ಟಿಗೆ ಸೇರಿದ್ದೂ ಉಂಟು. ಆ ಕಾಯಿದೆ ಹೋಗಿದ್ದು 1991ರಲ್ಲಿ.

ನಮ್ಮ ದೇಶದಲ್ಲೂ ಇದು ನಡೆದಿದೆ. 1901ರ ಜನಗಣತಿಯ ಮುಖ್ಯಸ್ಥನಾಗಿದ್ದ ರಿಸ್ಲೆ ಎಂಬ ಆಂಗ್ಲ ಅಧಿಕಾರಿ ಜನರ ಮೂಗು ಅಳೆಸಿ, ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಎಂದು ವಾದಿಸಿದ. ನಮ್ಮ ಮನೆಯಲ್ಲೇ ನನ್ನ ಮೂಗು ಒಂದು ಥರ, ನನ್ನ ತಮ್ಮನದು ಒಂದು ಥರ. ಅವನ ಲೆಕ್ಕದಲ್ಲಿ ನಾವು ಒಂದೇ ಪಂಕ್ತಿಯಲ್ಲಿ ಕೂರುವ ಹಾಗಿರಲಿಲ್ಲ! ಅದಕ್ಕೂ ಮೊದಲು, 1871ರಲ್ಲಿ, ಕೆಲವು ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಎಂದು ಸಾರುವ ಕಾಯಿದೆ ಮಾಡಿದ್ದರು. ಹುಬ್ಬಳ್ಳಿಯಲ್ಲಿ ಅಂಥವರನ್ನು ಕೂಡಿಹಾಕಿದ್ದ ಜಾಗಕ್ಕೆ ಇವತ್ತಿಗೂ ಸೆಟ್ಲ್‌ಮೆಂಟ್ ಎಂದೇ ಹೆಸರು. ‘ಗಂಟಿಚೋರ್’ ಎಂಬ ಸಮುದಾಯದ ಹೆಸರೇ ಗಂಟು ಕದಿಯುವವರು ಎಂದು. ತೊಟ್ಟಿಲ ಕೂಸಿಗೂ ಕಳ್ಳ ಎಂಬ ಹೆಸರು! 1952ರಲ್ಲಿ ಆ ಪಟ್ಟಿ ರದ್ದಾಯಿತು. ಜನರ ಬಾಯಿಂದ ಆ ಮಾತು ಅಷ್ಟು ಬೇಗ ಹೋಗಲಿಲ್ಲ.

ಯಲ್ಲಾಪುರ, ಹಳಿಯಾಳದ ಕಾಡಿನ ಸಿದ್ದಿಯರನ್ನು ನೋಡಿ. ಅವರ ಹಿರಿಯರನ್ನು ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರನ್ನಾಗಿ ತಂದರು. ಇವತ್ತು ಅವರು ನಮ್ಮಷ್ಟೇ ಕರ್ನಾಟಕದವರು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರೂ ಆದರು. ಆದರೂ ಪೇಟೆಗೆ ಬಂದರೆ “ನೀವು ಯಾವ ದೇಶದವರು?” ಎಂಬ ಪ್ರಶ್ನೆ ಅವರಿಗೆ ತಪ್ಪಿಲ್ಲ.

2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟದ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಒಬ್ಬ ಹೆಣ್ಣುಮಗಳು ತೀರಿಕೊಂಡಳು. ದುಃಖದ ಸಂಗತಿಯೇ. ಆದರೆ ಆಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು, ಅವಳಿದ್ದ ಕಾರಿಗೆ ಬೆಂಕಿ ಹಚ್ಚಿತು. ಅವಳ ದೇಶ ಬೇರೆ, ಅವನ ದೇಶ ಬೇರೆ. ಅವಳು ಮಾಡಿದ ತಪ್ಪೆಂದರೆ ಅದೇ ಬಣ್ಣದವಳಾಗಿದ್ದದ್ದು.

“ಅಯ್ಯೋ, ಅಷ್ಟು ಕ್ರೂರಿಗಳು ನಾವಲ್ಲಮ್ಮ” ಎಂದು ನೀವು ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ “ಕಾಫಿ ಕುಡೀಬೇಡ, ಕಪ್ಪಾಗ್ತೀಯ” ಎಂದು ಮಗಳನ್ನು ಹೆದರಿಸಿದವಳು ನಾನೇ. ತಾಂಡಾದಿಂದ ಸೀತಾಫಲ ಹೊತ್ತು ತರುವ ಅಮ್ಮನಿಗೆ ನೀರು ಕೊಡಲು ಹಿತ್ತಲಲ್ಲಿ ಬೇರೆ ಲೋಟ ಇಟ್ಟವಳೂ ನಾನೇ. ಮಗಳು ಒಂದು ದಿನ “ಆ ಲೋಟಕ್ಕೇನಾಗಿದೆಯಮ್ಮ?” ಎಂದು ಕೇಳಿದಾಗ ಸಿಟ್ಟು ಬಂತು. ಉತ್ತರವಿಲ್ಲದಾಗ ಬರುವ ಸಿಟ್ಟು ಅದು. ಈಗ ಎಲ್ಲರಿಗೂ ಒಂದೇ ಲೋಟ.

ಗೆಳತಿಯರೆ, ಮನೆಯಲ್ಲೇ ನಾವು ಮಾಡಬಹುದಾದ ಕೆಲವು ಮಾತು ಹೇಳುತ್ತೇನೆ. ಬಸುರಿಗೆ ಕೇಸರಿ ಹಾಲು ಕೊಟ್ಟರೆ ಮಗು ಬೆಳ್ಳಗಾಗುವುದಿಲ್ಲ; ಬಣ್ಣ ಬರುವುದು ತಂದೆತಾಯಿಯ ವಂಶದಿಂದ. ಕೂಸು ಹುಟ್ಟಿದ ಕೂಡಲೇ “ಬಣ್ಣ ಹೇಗಿದೆ?” ಎಂದು ಕೇಳುವುದನ್ನು ಬಿಡೋಣ, “ಬಾಣಂತಿ ಹೇಗಿದ್ದಾಳೆ?” ಎಂದು ಕೇಳೋಣ. ಬಿಳುಪು ಮಾಡುವ ಮುಲಾಮುಗಳ ಬಗ್ಗೆ ಎಚ್ಚರ. ಕೆಲವುಗಳಲ್ಲಿ ಪಾದರಸವಿದ್ದು ಮೂತ್ರಪಿಂಡಕ್ಕೆ ಕೆಡುಕು. ವೈದ್ಯರ ಚೀಟಿಯಿಲ್ಲದೆ ತಂದು ಹಚ್ಚುವ ಸ್ಟೆರಾಯ್ಡ್ ಮುಲಾಮಿನಿಂದ ಚರ್ಮ ತೆಳುವಾಗಿ ಕೆಂಪಾಗುತ್ತದೆ, ಮುಖದಲ್ಲಿ ಕೂದಲು, ಮೊಡವೆ ಏಳುತ್ತವೆ. 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ಯೇ 2020ರಲ್ಲಿ ತನ್ನ ಹೆಸರಿನಿಂದ ಬಿಳುಪನ್ನು ಕೈಬಿಟ್ಟಿತು. ನಮಗೇಕೆ ಇನ್ನೂ ಆ ವ್ಯಾಮೋಹ?

ನಮ್ಮ ಕೋಟೆಗೆ ಹೋದಾಗ ಎಲ್ಲರೂ ಓಬವ್ವನ ಕಿಂಡಿಯ ಮುಂದೆ ಕೈ ಮುಗಿಯುತ್ತೇವೆ. ಅವಳು ಕಪ್ಪಗಿದ್ದಳೋ ಬೆಳ್ಳಗಿದ್ದಳೋ ಎಂದು ಯಾರಾದರೂ ಕೇಳಿದ್ದೇವೆಯೆ? ಒನಕೆ ಹಿಡಿದ ಕೈಯನ್ನಷ್ಟೇ ನೆನೆಯುತ್ತೇವೆ.

ಅಕ್ಕನ ಮಗಳು ಈಗ ಹಿರಿಯೂರಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಳೆ. ಹೋದ ವಾರ ಇನ್ನೊಂದು ಸಂಬಂಧದವರು “ಹುಡುಗಿ ಬಣ್ಣ ಹೇಗೆ?” ಎಂದು ಫೋನು ಮಾಡಿದ್ದರಂತೆ. ನಮ್ಮ ಅಕ್ಕ, ಎಂದೂ ಎದುರು ಮಾತಾಡದವಳು, “ಬಣ್ಣ ನೋಡೋರಿಗೆ ನಮ್ಮ ಹುಡುಗಿ ಇಲ್ಲ” ಎಂದು ಫೋನು ಇಟ್ಟುಬಿಟ್ಟಳು. ಮದುವೆ ತಡವಾಗುತ್ತದೇನೋ ಎಂಬ ಕಳವಳ ಅವಳಿಗೆ ಇದ್ದೇ ಇದೆ. ಆದರೂ ಅವತ್ತು ರಾತ್ರಿ ತಾಯಿ ಮಗಳು ಇಬ್ಬರೂ ಹೊಟ್ಟೆ ತುಂಬ ಉಂಡರಂತೆ.