ಸಂತೆಯಲ್ಲಿ ಹುಟ್ಟಿದ ನುಡಿ

ತಿಕೋಟಾದ ದ್ರಾಕ್ಷಿ ಬೆಳೆಗಾರನೂ ಬಬಲೇಶ್ವರದ ಜೋಳದ ಒಕ್ಕಲಿಗನೂ ವಿಜಯಪುರದ ಪೇಟೆಗೆ ಬರುತ್ತಾರೆ. ಪಾಲುದಾರನೊಡನೆ ಲೆಕ್ಕ ನೋಡುತ್ತಾರೆ, ದಲಾಲನೊಡನೆ ಧಾರಣೆ ಮಾತಾಡುತ್ತಾರೆ, ಮೈಗೆ ನೆಟ್ಟಗಿಲ್ಲದಿದ್ದರೆ ದವಾಖಾನೆಗೆ ಹೋಗುತ್ತಾರೆ, ಕಾಗದಪತ್ರಗಳನ್ನು ಗಂಟುಕಟ್ಟಿಕೊಂಡು ಊರಿಗೆ ಮರಳುತ್ತಾರೆ. ಈ ಮಾತುಗಳಲ್ಲಿ ಕನ್ನಡವೆಷ್ಟು, ಪಾರಸಿಯೆಷ್ಟು ಎಂದು ಅವರು ಎಣಿಸುವುದಿಲ್ಲ. ಆ ಗೋಜು ನಮ್ಮಂಥ ಓದುಬರಹದವರದು.

ಒಬ್ಬರ ನುಡಿ ಇನ್ನೊಬ್ಬರಿಗೆ ತಿಳಿಯದ ಜನ ವ್ಯಾಪಾರಕ್ಕೆಂದು ಕೂಡಿದಾಗ ಹುಟ್ಟುವ ಕೆಲಸದ ನುಡಿಗೆ ಭಾಷಾಶಾಸ್ತ್ರಜ್ಞರು ‘ಪಿಜಿನ್’ ಎನ್ನುತ್ತಾರೆ. ಅದರ ಶಬ್ದಬಂಡವಾಳ ಅಲ್ಪ; ಇದ್ದುದನ್ನೇ ಕೂಡಿಸಿ ಹೊಸತನ್ನು ಕಟ್ಟಬೇಕು. ಹೀಗೆ ಹುಟ್ಟಿ ಇಂದು ಪಾಪುವಾ ನ್ಯೂಗಿನಿಯ ಆಡಳಿತಭಾಷೆಗಳಲ್ಲಿ ಒಂದಾಗಿರುವ ಟೋಕ್ ಪಿಸಿನ್‌ನಲ್ಲಿ ಕೂದಲೆಂದರೆ ‘ತಲೆಯ ಹುಲ್ಲು’. ಆಸ್ಪತ್ರೆಯೆಂದರೆ ‘ಬೇನೆಯ ಮನೆ’. ವಾಚಕರು ನಗುವ ಮುನ್ನ ನೆನೆಯಲಿ: ನಮ್ಮ ದವಾಖಾನೆಯೂ ‘ಮದ್ದಿನ ಮನೆ’ಯೇ ಅಲ್ಲವೆ?

ವಿಜಯಪುರದ ಕನ್ನಡವಾಗಲಿ ದಖನಿಯಾಗಲಿ ಪಿಜಿನ್ ಅಲ್ಲ, ಎರಡೂ ತುಂಬುಭಾಷೆಗಳು. ಆದರೆ 1490ರಿಂದ 1686ರವರೆಗೆ ಆದಿಲಶಾಹಿ ಆಳಿದ ಈ ನಾಡಿನಲ್ಲಿ ಕನ್ನಡ, ಮರಾಠಿ, ಪಾರಸಿ, ದಖನಿಗಳು ಒಂದೇ ಬೀದಿಯಲ್ಲಿ ನಡೆದಾಡಿದವು. ಕನ್ನಡದ ‘ಪಾಲಿ’ಗೆ ಪಾರಸಿಯ ‘ದಾರ’ ಸೇರಿ ಪಾಲುದಾರನಾದ. ಸಂಸ್ಕೃತದ ಲಂಚಕ್ಕೆ ‘ತಿನ್ನುವವ’ ಎಂಬರ್ಥದ ಪಾರಸಿಯ ‘ಖೋರ’ ಅಂಟಿ ಲಂಚಕೋರನಾದ. ಕಾಗದ ಪಾರಸಿ, ಪತ್ರ ಸಂಸ್ಕೃತ. ಒಂದರ ಅರ್ಥವನ್ನು ಇನ್ನೊಂದು ಒತ್ತಿ ಹೇಳುವಂತೆ ಜೋಡಿಯಾದವು. ಅರಬ್ಬಿಯ ‘ಬದಲ್’ ನಮ್ಮ ‘ಇಸು’ ಪ್ರತ್ಯಯವನ್ನು ತೊಟ್ಟು ‘ಬದಲಾಯಿಸಿದೆನು’ ಎಂದು ಅಚ್ಚಗನ್ನಡ ಕ್ರಿಯಾಪದದಂತೆ ನಡೆಯತೊಡಗಿತು. ಬಂದ ಅತಿಥಿ ಮನೆಯ ಕಟ್ಟಳೆಗೆ ಒಳಗಾದನೆಂಬುದೇ ಇಲ್ಲಿಯ ಸ್ವಾರಸ್ಯ.

ಅರಸನೂ ಇದಕ್ಕೆ ಹೊರತಾಗಿರಲಿಲ್ಲ. ಎರಡನೆಯ ಇಬ್ರಾಹಿಮ ಆದಿಲಶಹ (1580–1627) ತನ್ನ ದಖನಿ ಹಾಡುಗಳ ಗ್ರಂಥವನ್ನು ‘ಕಿತಾಬ್-ಎ-ನೌರಸ್’ ಎಂದು ಕರೆದ. ತೊರವಿಯ ಬಳಿ ಕಟ್ಟಿಸಿದ ಊರಿಗೂ ನೌರಸಪುರವೆಂದು ಹೆಸರಿಟ್ಟ. ಸಂಸ್ಕೃತ ಬಲ್ಲವನಿಗೆ ಅದು ನವರಸ. ಪಾರಸಿ ಬಲ್ಲವನಿಗೆ ‘ನೌ’ ಎಂದರೆ ಹೊಸದು. ಒಂದೇ ಶಬ್ದ, ಎರಡು ಬಾಗಿಲು.

ವಿದ್ಯಾರ್ಥಿಯ ಪ್ರಬಂಧದಲ್ಲಿ ‘ದವಾಖಾನೆ’ಯನ್ನು ಕಂಡೊಡನೆ ಅಶುದ್ಧವೆಂದು ಕೆಂಪು ಗೆರೆ ಎಳೆಯುವ ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ಗೆರೆ ಬೀಳುವುದು ಬರಿಯ ಶಬ್ದದ ಮೇಲಲ್ಲ, ಅದನ್ನು ತಾಯಿಯ ಬಾಯಿಂದ ಕಲಿತ ಹುಡುಗನ ಮೇಲೆ. ತನ್ನ ಮನೆಯ ಮಾತು ತಪ್ಪೆಂದು ನಂಬಿದ ಮಗು ಬರೆಯುವುದಕ್ಕೇ ಅಂಜೀತು. ಗೆರೆ ಎಳೆಯುವ ಬದಲು ಆ ಶಬ್ದ ಎಲ್ಲಿಂದ ಬಂತೆಂದು ಅವನನ್ನು ಕೇಳಿದರೆ, ಅಂದಿನ ಪಾಠ ಅಲ್ಲಿಂದಲೇ ಮೊದಲಾಗಬಹುದು.